ಒಂದು ಹಸಿರು ಮನೆ

ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುತ್ತವಲ್ಲ, ಆ ಕ್ಯಾಸಿನೊ ಹಡಗುಗಳು, ಅದರಲ್ಲೊಂದಕ್ಕೆ ನಾನು ಹೋಗಿದ್ದು ಒಂದೇ ಸಲ. ಹುಬ್ಬಳ್ಳಿಯಿಂದ ನಾಲ್ಕು ಜನ ಕಾರು ಮಾಡಿಕೊಂಡು ಹೋಗಿದ್ದೆವು. ಇಬ್ಬರು ಊಟ ಮಾಡಿ ರೂಮಿನಲ್ಲಿ ಮಲಗಿದರು. ನನ್ನ ದೋಸ್ತನಿಗೆ ಮಾತ್ರ ಹಡಗು ನೋಡಲೇಬೇಕಿತ್ತು. ಅವನನ್ನು ಒಬ್ಬನೇ ಬಿಡಬಾರದು ಅಂತ ನಾನೂ ಹತ್ತಿದೆ. ದಡದಲ್ಲಿ ಕಾರು ನಿಲ್ಲಿಸುವಾಗ ನೋಡಿದರೆ ಸಾಲಾಗಿ ಕೆಎ ನಂಬರಿನ ಗಾಡಿಗಳು. ಬೆಳಗಾವಿ, ಧಾರವಾಡ, ಬೆಂಗಳೂರು. ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗಾಯಿತು.

ಒಳಗೆ ಇಸ್ಪೀಟಿನ ಮೇಜುಗಳ ಹತ್ತಿರ ಗಲಾಟೆ ಜಾಸ್ತಿ. ದೋಸ್ತ ನೇರವಾಗಿ ಚಕ್ರದ ಮೇಜಿಗೆ ಹೋದ. ರೂಲೆಟ್. ಸಿನಿಮಾದಲ್ಲಿ ನೋಡಿದ್ದು ಬಿಟ್ಟರೆ ನಾನು ಅದನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ಮರದ ದೊಡ್ಡ ಬೋಗುಣಿ. ಅದರೊಳಗೆ ತಿರುಗುವ ಗಾಲಿ. ಗಾಲಿಯ ಅಂಚಿಗೆ ಸಣ್ಣ ಸಣ್ಣ ಮನೆಗಳು, ಒಂದು ಕೆಂಪು, ಒಂದು ಕಪ್ಪು. ಆಡಿಸುವ ಹುಡುಗಿ ಗಾಲಿಯನ್ನು ಒಂದು ಕಡೆಗೆ ತಳ್ಳಿ, ಬಿಳಿ ಗೋಲಿಯನ್ನು ಅದರ ಎದುರು ದಿಕ್ಕಿಗೆ ಚಿಮ್ಮುತ್ತಾಳೆ. ಗೋಲಿ ಮೇಲಿನ ಅಂಚು ಹಿಡಿದು ಸುರ್ ಅಂತ ಓಡುತ್ತದೆ. ಆಮೇಲೆ ಕಾಲು ಸೋತವರ ಹಾಗೆ ಕೆಳಗೆ ಇಳಿಯುತ್ತದೆ. ಬೋಗುಣಿಯ ಗೋಡೆಗೆ ಹಿತ್ತಾಳೆಯ ಗುಬಟುಗಳನ್ನು ಜಡಿದಿರುತ್ತಾರೆ. ಅದಕ್ಕೆ ಬಡಿದು ಟಕ್ ಅನ್ನುತ್ತದೆ, ಒಂದು ಮನೆಗೆ ಹಾರುತ್ತದೆ, ಅಲ್ಲಿ ನಿಲ್ಲದೆ ಇನ್ನೊಂದಕ್ಕೆ ನೆಗೆಯುತ್ತದೆ. ಆ ಕೊನೆಯ ಎರಡು ಸೆಕೆಂಡು ಮೇಜಿನ ಸುತ್ತ ಯಾರೂ ಉಸಿರು ಬಿಡುವುದಿಲ್ಲ.

ಮೇಜಿನ ತಲೆಯ ಮೇಲೆ ಒಂದು ಲೈಟಿನ ಬೋರ್ಡು. ಹಿಂದೆ ಬಂದ ನಂಬರುಗಳೆಲ್ಲ ಅದರಲ್ಲಿ ಕಾಣುತ್ತವೆ. ದೋಸ್ತ ಅದನ್ನೇ ದಿಟ್ಟಿಸಿ ನೋಡಿ ನನ್ನ ಪಕ್ಕೆಗೆ ತಿವಿದ. "ಆರ್ ಸಲ ಕರೇದ ಬಂದೈತಿ. ಈಗ ಕೆಂಪ ಬರಲೇಬೇಕಲೇ."

ನಾನು ಸುಮ್ನೆ ಇದ್ದೆ. ನನ್ನ ಕಣ್ಣು ಬೇರೆ ಕಡೆ ಹೋಗಿತ್ತು. ಕೆಂಪು-ಕಪ್ಪಿನ ನಡುವೆ ಎರಡು ಹಸಿರು ಮನೆಗಳಿದ್ದವು. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಜೋಡಿ ಸೊನ್ನೆ. ಅವು ಯಾಕೆ ಹಸಿರು ಅಂತ ಅವತ್ತು ತಲೆಗೆ ಹೊಕ್ಕ ಹುಳ. ಊರಿಗೆ ಬಂದ ಮೇಲೆ ಓದುತ್ತಾ ಹೋದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ಈ ಆಟದ ಇನ್ನೂರು ಮುನ್ನೂರು ವರ್ಷದ ಕಥೆಯೆಲ್ಲ ಆ ಹಸಿರು ಮನೆಗಳ ಕಥೆಯೇ. ಅವು ಎಷ್ಟಿರಬೇಕು ಅನ್ನುವ ಜಗ್ಗಾಟ, ಅಷ್ಟೇ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಭಯ ಬೇಡ, ಕಿರಾಣಿ ಅಂಗಡಿಯ ಲೆಕ್ಕದಷ್ಟೇ ಇದೆ. 1ರಿಂದ 36ರವರೆಗೆ ನಂಬರು. ನೀವು 17ರ ಮೇಲೆ 100 ರೂಪಾಯಿ ಕಟ್ಟಿದಿರಿ, 17 ಬಂತು ಅನ್ನಿ. ನಿಮ್ಮ 100 ವಾಪಸ್, ಮೇಲೆ 3,500. ಒಟ್ಟು 3,600. ಮನೆಗಳು 36 ಮಾತ್ರ ಇದ್ದಿದ್ದರೆ ಇದು ಸರಿಯಾದ ವ್ಯಾಪಾರ. ಎಲ್ಲ ಮನೆಗೂ ನೂರು ನೂರು ಕಟ್ಟಿದರೆ 3,600 ಹೋಗುತ್ತಿತ್ತು, 3,600 ಬರುತ್ತಿತ್ತು. ಆದರೆ ಒಂದು ಸೊನ್ನೆ ಸೇರಿದರೆ ಮನೆ 37. ಎಲ್ಲದಕ್ಕೂ ಕಟ್ಟಿದರೆ 3,700 ಹೋಗಿ 3,600 ಬರುತ್ತದೆ. ಎರಡು ಸೊನ್ನೆ ಇದ್ದರೆ 3,800 ಹೋಗುತ್ತದೆ, ಬರುವುದು ಅದೇ 3,600. ಅಂದರೆ ಒಂದು ಸೊನ್ನೆಯ ಚಕ್ರದಲ್ಲಿ ನೂರಕ್ಕೆ 2.7 ರೂಪಾಯಿ, ಎರಡು ಸೊನ್ನೆಯದರಲ್ಲಿ 5.26 ರೂಪಾಯಿ ಅಂಗಡಿಯವನಿಗೆ, ಅಂದರೆ ಆಟ ಆಡಿಸುವ ಕ್ಯಾಸಿನೊದವನಿಗೆ. ಮೋಸ ಬೇಕಿಲ್ಲ, ಅಯಸ್ಕಾಂತ ಬೇಕಿಲ್ಲ. ಹಸಿರು ಮನೆ ತನ್ನ ಪಾಡಿಗೆ ಬಾಡಿಗೆ ವಸೂಲಿ ಮಾಡುತ್ತಿರುತ್ತದೆ.

ಇದನ್ನು ಕಂಡುಹಿಡಿದದ್ದು ಯಾರು? ಎಲ್ಲಿ ಕೇಳಿದರೂ ಒಂದೇ ಉತ್ತರ ಬರುತ್ತದೆ. ಬ್ಲೇಸ್ ಪಾಸ್ಕಲ್. 17ನೇ ಶತಮಾನದ ಫ್ರೆಂಚ್ ಗಣಿತಜ್ಞ. ನಿಲ್ಲದೇ ತಾನಾಗೇ ತಿರುಗುವ ಯಂತ್ರ ಮಾಡಲು ಹೊರಟ, ಅದು ಆಗಲಿಲ್ಲ, ಈ ಚಕ್ರ ಹುಟ್ಟಿತು ಅಂತ ಕಥೆ. ಕೇಳಲು ಚೆನ್ನಾಗಿದೆ. ನನಗೆ ನಂಬಿಕೆ ಇಲ್ಲ. ಪಾಸ್ಕಲ್ ಜೂಜಿನ ಲೆಕ್ಕ ಮಾಡಿದ್ದು ನಿಜ. 1654ರಲ್ಲಿ ಅವನೂ ಫರ್ಮಾ ಅನ್ನುವ ಇನ್ನೊಬ್ಬ ಗಣಿತಜ್ಞನೂ ಪತ್ರ ಬರೆದುಕೊಂಡರು. ಆಟ ಅರ್ಧಕ್ಕೆ ನಿಂತುಹೋದರೆ ಪಣದ ದುಡ್ಡನ್ನು ಹೇಗೆ ಹಂಚಬೇಕು ಅನ್ನುವುದು ಅವರ ಪ್ರಶ್ನೆ. ಸಂಭವನೀಯತೆಯ ಗಣಿತ ಶುರುವಾಗಿದ್ದೇ ಅಲ್ಲಿಂದ ಅನ್ನುತ್ತಾರೆ. ಆದರೆ ಚಕ್ರದ ಮಾತು ಅಲ್ಲಿಲ್ಲ.

ಹಾಗಾದರೆ ಚಕ್ರ ಅವನ ತಲೆಗೆ ಹೇಗೆ ಕಟ್ಟಿಕೊಂಡಿತು? ನನ್ನ ಅನುಮಾನ ಇದು. ಸೈಕಲ್ ಟೈರಿಗೆ ಒಂದು ಚಿಕ್ಕ ಲೈಟು ಕಟ್ಟಿ ಕತ್ತಲಲ್ಲಿ ಓಡಿಸಿ ನೋಡಿ. ಆ ಬೆಳಕು ನೆಲದಿಂದ ಏಳುತ್ತದೆ, ಕಮಾನಿನ ಹಾಗೆ ಬಾಗುತ್ತದೆ, ಮತ್ತೆ ನೆಲ ಮುಟ್ಟುತ್ತದೆ. ಗಣಿತದಲ್ಲಿ ಆ ಗೆರೆಗೆ ಸೈಕ್ಲಾಯ್ಡ್ ಅನ್ನುತ್ತಾರೆ. ಪಾಸ್ಕಲ್‌ಗೆ ಈ ಗೆರೆಯ ಹುಚ್ಚು ಹಿಡಿದಿತ್ತು. 1658ರಲ್ಲಿ ಅದರ ಬಗ್ಗೆ ಬಹುಮಾನ ಇಟ್ಟು ಸ್ಪರ್ಧೆ ಮಾಡಿದ, ಅದರ ಚರಿತ್ರೆಯನ್ನೂ ಬರೆದ. ಆಗ ಫ್ರೆಂಚರು ಆ ಗೆರೆಯನ್ನು ಕರೆಯುತ್ತಿದ್ದುದು 'ರೂಲೆಟ್' ಅಂತಲೇ. ಅಂದರೆ ಪುಟ್ಟ ಗಾಲಿ. ಪಾಸ್ಕಲ್ 'ರೂಲೆಟ್' ಬಗ್ಗೆ ಬರೆದಿದ್ದಾನೆ ಅಂತ ಯಾರೋ ಓದಿದರು, ಜೂಜಿನ ಚಕ್ರವನ್ನು ಅವನ ತಲೆಗೆ ಕಟ್ಟಿದರು. ಹೀಗೇ ಆಗಿರಬೇಕು ಅನ್ನಿಸುತ್ತದೆ.

ಚಕ್ರದ ಸುಳಿವು ಗಟ್ಟಿಯಾಗಿ ಸಿಗುವುದು 18ನೇ ಶತಮಾನದಲ್ಲಿ. ಅದೂ ಪೊಲೀಸು, ಕಾನೂನುಗಳ ಕಾಗದದಲ್ಲಿ. ಇಂಗ್ಲೆಂಡಿನವರು 1739ರಲ್ಲಿ ಕಾಯ್ದೆ ತಂದು ಫಾರೊ, ಬ್ಯಾಸೆಟ್, ಹ್ಯಾಜರ್ಡ್ ಅಂತ ಆಟಗಳ ಹೆಸರು ಹೆಸರು ಹಿಡಿದು ನಿಷೇಧ ಹೇರಿದರು. ಹೆಸರು ಹಿಡಿದು ನಿಷೇಧಿಸಿದರೆ ಜನ ಏನು ಮಾಡುತ್ತಾರೆ? ಹೊಸ ಹೆಸರಿನ ಆಟ ತರುತ್ತಾರೆ. ರೋಲಿಪೋಲಿ ಅಂತ ಚಕ್ರದ ಆಟ ಬಂತು. 1740ರ ದಶಕದಲ್ಲೇ ಅದನ್ನೂ ಕಾನೂನಿನಲ್ಲಿ ಬರೆದು ಮುಚ್ಚಿಸಿದರು. ಅಷ್ಟರಲ್ಲಿ ಇ.ಓ. ಅನ್ನುವುದು ತಲೆ ಎತ್ತಿತ್ತು. ಇ ಅಂದರೆ ಸಮ, ಓ ಅಂದರೆ ಬೆಸ. ಬಾತ್ ಊರಿನ ಷೋಕಿಲಾಲರ ರಾಜ ಅನ್ನಿಸಿಕೊಂಡಿದ್ದ ಬ್ಯೂ ನ್ಯಾಶ್‌ಗೆ ಇದರಲ್ಲಿ ಪಾಲಿತ್ತು. ನಮ್ಮ ಕಡೆ ಇಸ್ಪೀಟ್ ಅಡ್ಡೆಗೆ ಪೊಲೀಸರು ನುಗ್ಗಿದ ಮೇಲೆ ಅದೇ ಅಡ್ಡೆ 'ರಿಕ್ರಿಯೇಶನ್ ಕ್ಲಬ್' ಅಂತ ಬೋರ್ಡು ಹಾಕಿಕೊಳ್ಳುವುದಿಲ್ಲವೇ, ಹಾಗೆ.

ಇ.ಓ. ಚಕ್ರದಲ್ಲಿ ನಂಬರುಗಳಿರಲಿಲ್ಲ. 40 ಮನೆ. 20ರಲ್ಲಿ ಇ, 20ರಲ್ಲಿ ಓ. ಆದರೆ ಅದರಲ್ಲಿ ಎರಡು ಮನೆ ಅಂಗಡಿಯವನವು. ಅಲ್ಲಿ ಗೋಲಿ ಬಿದ್ದರೆ ಸೋತವರ ದುಡ್ಡು ಅವನಿಗೆ ಹೋಗುತ್ತಿತ್ತು, ಗೆದ್ದವರಿಗೆ ಮಾತ್ರ ಏನೂ ಕೊಡುತ್ತಿರಲಿಲ್ಲ. ನೋಡಿ, ಹಸಿರು ಬಣ್ಣ ಇನ್ನೂ ಬಂದಿಲ್ಲ, ಸೊನ್ನೆ ಇನ್ನೂ ಬಂದಿಲ್ಲ, ಬಾಡಿಗೆ ಮನೆ ಆಗಲೇ ಬಂದಿದೆ.

ನಾವು ಇವತ್ತು ನೋಡುವ ಚಕ್ರ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಕಾಣುವುದು ಪ್ಯಾರಿಸಿನ ಪಾಲೆ ರೊಯಾಲ್‌ನಲ್ಲಿ, 1796ರಲ್ಲಿ. 36 ನಂಬರು, ಒಂದು ಸೊನ್ನೆ, ಒಂದು ಜೋಡಿ ಸೊನ್ನೆ. ಕ್ರಾಂತಿ ಆಗಿ ರಾಜನ ತಲೆ ಹೋಗಿ ಮೂರೇ ವರ್ಷ, ಅರಮನೆಯ ಅಂಗಳದಲ್ಲಿ ಜನ ಚಕ್ರದ ಸುತ್ತ ಸೇರಿದ್ದರು. ಆಮೇಲೆ ಸರ್ಕಾರ ಲೈಸೆನ್ಸ್ ಕೊಟ್ಟು ದುಡ್ಡು ಮಾಡಿಕೊಂಡಿತು, ಆಮೇಲೆ ಸಾಕಾಯಿತು. 1837ರ ಡಿಸೆಂಬರ್ 31ರ ರಾತ್ರಿಗೆ ಪ್ಯಾರಿಸಿನ ಜೂಜಿನ ಮನೆಗಳಿಗೆಲ್ಲ ಬೀಗ.

ಈ ಬೀಗದಿಂದ ದಾರಿ ಮಾಡಿಕೊಂಡವರು ಫ್ರಾನ್ಸ್ವಾ ಬ್ಲಾಂ ಮತ್ತು ಲೂಯಿ ಬ್ಲಾಂ ಅನ್ನುವ ಅಣ್ಣತಮ್ಮಂದಿರು. ಪಕ್ಕದ ಜರ್ಮನ್ ಸೀಮೆಯಲ್ಲಿ ಬಾಡ್ ಹೊಂಬುರ್ಗ್ ಅಂತ ಒಂದು ಸಣ್ಣ ಊರು. ಬಿಸಿನೀರು, ಖನಿಜದ ನೀರು ಅಂತ ಶ್ರೀಮಂತರು ಮೈ ಸರಿಮಾಡಿಕೊಳ್ಳಲು ಹೋಗುವ ಇಂಥ ಊರುಗಳು ಅಲ್ಲಿ ಬೇಕಾದಷ್ಟಿದ್ದವು. ಪೈಪೋಟಿ ಜೋರು. 1843ರಲ್ಲಿ ಬ್ಲಾಂ ಸಹೋದರರು ಚಕ್ರದಿಂದ ಜೋಡಿ ಸೊನ್ನೆಯ ಮನೆಯನ್ನು ಕಿತ್ತು ಹಾಕಿದರು. ಅಂಗಡಿಯ ಲಾಭ ಅರ್ಧದಷ್ಟು ಕುಸಿಯಿತು. ಗಿರಾಕಿ ಮಾತ್ರ ಬಂದು ಬಿದ್ದರು.

ಇಷ್ಟು ಸರಳ ಬುದ್ಧಿ ಬೇರೆಯವರಿಗೆ ಹೊಳೆದಿರಲಿಲ್ಲ ಅನ್ನುವುದೇ ನನಗೆ ಆಶ್ಚರ್ಯ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ತಳ್ಳುಗಾಡಿಯವನೂ ಮಾಡುವ ಕೆಲಸ ಇದು. ಪಕ್ಕದವನಿಗಿಂತ ಎರಡು ರೂಪಾಯಿ ಕಡಿಮೆ ಹೇಳು, ಎರಡು ಪಟ್ಟು ಮಾರು. ಒಂದು ಸೊನ್ನೆಯ ಚಕ್ರವನ್ನು 'ಯುರೋಪಿನ ರೂಲೆಟ್' ಅಂತ ದೊಡ್ಡ ಹೆಸರಿನಲ್ಲಿ ಕರೆಯುತ್ತಾರೆ. ಹುಟ್ಟಿದಾಗ ಅದು ಡಿಸ್ಕೌಂಟ್ ಸೇಲ್.

ಆಮೇಲೆ ಮೊನಾಕೊ. ಅದೊಂದು ಪುಟಾಣಿ ಸಂಸ್ಥಾನ. 1848ರಲ್ಲಿ ಮಾಂತೋನ್ ಮತ್ತು ರೋಕ್‌ಬ್ರೂನ್ ಅನ್ನುವ ಎರಡು ಊರುಗಳು ಕಿತ್ತುಕೊಂಡು ಹೋದವು. ನಿಂಬೆ ತೋಟಗಳೆಲ್ಲ ಇದ್ದದ್ದು ಆ ಕಡೆ. ನೆಲದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಕೈಬಿಟ್ಟಿತು. ರಾಜನಿಗೆ ಉಳಿದದ್ದು ಒಂದಿಷ್ಟು ಬಂಡೆ, ಒಂದು ಕೋಟೆ. ಕ್ಯಾಸಿನೊ ಮಾಡಿ ನೋಡಿದರು, ದಾರಿಯೇ ಸರಿಯಿಲ್ಲದ ಊರಿಗೆ ಯಾರು ಬರುತ್ತಾರೆ? ಕೊನೆಗೆ 1863ರಲ್ಲಿ ಫ್ರಾನ್ಸ್ವಾ ಬ್ಲಾಂನನ್ನು ಕರೆಸಿದರು. 1866ರಲ್ಲಿ ಆ ಗುಡ್ಡಕ್ಕೆ ರಾಜ ಮೂರನೇ ಚಾರ್ಲ್ಸ್‌ನ ಹೆಸರಿಟ್ಟು ಮಾಂಟೆ ಕಾರ್ಲೊ ಅಂದರು. 1868ರಲ್ಲಿ ರೈಲು ಬಂತು. 1869ರಲ್ಲಿ ಮೊನಾಕೊದ ಪ್ರಜೆಗಳಿಗೆ ತೆರಿಗೆಯೇ ಬೇಡ ಅಂದರು. ಸೊನ್ನೆಯ ಮನೆಯ ಬಾಡಿಗೆಯಲ್ಲೇ ರಾಜ್ಯ ನಡೆಯುತ್ತಿತ್ತು. 1872ರ ಕೊನೆಗೆ ಜರ್ಮನಿಯ ಕ್ಯಾಸಿನೊಗಳು ಮುಚ್ಚಿದವು. ಒಂದು ಸೊನ್ನೆಯ ಚಕ್ರ ನೋಡಬೇಕೆಂದರೆ ಎಲ್ಲರೂ ಬ್ಲಾಂ ಬಾಗಿಲಿಗೇ ಬರಬೇಕಾಯಿತು.

ಫ್ರೆಂಚಿನಲ್ಲಿ ಬ್ಲಾಂ ಅಂದರೆ ಬಿಳಿ. ಕೆಲವು ಸಲ ಕೆಂಪು ಗೆಲ್ಲುತ್ತದೆ, ಕೆಲವು ಸಲ ಕಪ್ಪು ಗೆಲ್ಲುತ್ತದೆ, ಬಿಳಿ ಮಾತ್ರ ಯಾವಾಗಲೂ ಗೆಲ್ಲುತ್ತದೆ ಅಂತ ಜನ ಆಡಿಕೊಳ್ಳುತ್ತಿದ್ದರಂತೆ. ಅವನು ಸೈತಾನನಿಗೆ ಆತ್ಮ ಮಾರಿ ಚಕ್ರದ ಗುಟ್ಟು ತಂದ ಅಂತಲೂ ಕಥೆ ಇದೆ. 1ರಿಂದ 36ರವರೆಗೆ ಕೂಡಿ ನೋಡಿ, 666 ಬರುತ್ತದೆ. ಕ್ರೈಸ್ತರಿಗೆ ಅದು ಕೆಟ್ಟ ನಂಬರು. ನಾನೂ ಕೂಡಿ ನೋಡಿದೆ. ಹೌದು.

ಇಲ್ಲಿ ನನಗೆ ನಗು ತರಿಸಿದ ಒಂದು ಸಂಗತಿ. ಮೊನಾಕೊದ ಪ್ರಜೆಗಳು ಮೊನಾಕೊದ ಕ್ಯಾಸಿನೊದಲ್ಲಿ ಆಡುವಂತಿಲ್ಲ. ಹೊರಗಿನವರು ಬಂದು ಕಳೆದುಕೊಳ್ಳಲಿ, ನಮ್ಮವರು ಬೇಡ. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿ ಮಾಡಿ ಹಡಗಿನ ಮೇಲೆ ಇಂಥ ಮೇಜುಗಳಿಗೆ ದಾರಿ ಕೊಟ್ಟಿತು. 2020ರ ಫೆಬ್ರವರಿ 1ರಿಂದ ಗೋವಾದ ಜನರೇ ಆ ಹಡಗಿನಲ್ಲಿ ಆಡುವಂತಿಲ್ಲ ಅಂತ ನಿಯಮ ಬಂತು. ಕೆಎ ಗಾಡಿಗಳ ಸಾಲು ಈಗ ಅರ್ಥವಾಯಿತು ಅಲ್ವಾ.

ಅಮೆರಿಕದಲ್ಲಿ ಕಥೆ ತಿರುಗಾಮುರುಗಾ. ಡಿಸ್ಕೌಂಟ್ ಅಲ್ಲಿಗೆ ಹೋಗಲೇ ಇಲ್ಲ. ಪ್ಯಾರಿಸಿನ ಹಳೆಯ ಎರಡು ಸೊನ್ನೆಯ ಚಕ್ರವೇ ಅಲ್ಲಿ ಉಳಿಯಿತು. 19ನೇ ಶತಮಾನದಲ್ಲಿ ಕೆಲವು ಕಡೆ ಇನ್ನೂ ಮುಂದೆ ಹೋದರು. 1ರಿಂದ 28 ನಂಬರು, ಒಂದು ಸೊನ್ನೆ, ಒಂದು ಜೋಡಿ ಸೊನ್ನೆ, ಅದು ಸಾಲದು ಅಂತ ಹದ್ದಿನ ಚಿತ್ರದ ಒಂದು ಮನೆ. ಅವರ ದೇಶದ ಗುರುತಿನ ಹದ್ದೇ. 31ರಲ್ಲಿ ಮೂರು ಮನೆ ಅಂಗಡಿಗೆ. ನೂರಕ್ಕೆ ಒಂಬತ್ತೂವರೆ ರೂಪಾಯಿಗೂ ಜಾಸ್ತಿ. ಹದ್ದು ಆಮೇಲೆ ಹಾರಿಹೋಯಿತು. ಆದರೆ ಕಳೆದ ಹತ್ತು ವರ್ಷಗಳಲ್ಲಿ ಲಾಸ್ ವೇಗಸ್‌ನಲ್ಲಿ ಮೂರು ಸೊನ್ನೆಯ ಚಕ್ರಗಳು ಬಂದಿವೆ. 39 ಮನೆ. ನೂರಕ್ಕೆ 7.69. ಜನ ಅದಕ್ಕೂ ನಿಂತು ಕಟ್ಟುತ್ತಿದ್ದಾರೆ.

ಎರಡು ಸೊನ್ನೆಯ ಮೇಜಿನಲ್ಲಿ ಇನ್ನೊಂದು ಕಿಲಾಡಿತನ ಇದೆ. ಸೊನ್ನೆ, ಜೋಡಿ ಸೊನ್ನೆ, 1, 2, 3, ಈ ಐದಕ್ಕೂ ಸೇರಿಸಿ ಒಂದೇ ಸಲ ಕಟ್ಟಬಹುದು. ಬೇರೆ ಬಾಜಿಗಳ ಲೆಕ್ಕದಲ್ಲಿ ನೋಡಿದರೆ ಒಂದಕ್ಕೆ 6.2 ಕೊಡಬೇಕು. ಐದರಿಂದ 36 ಸರಿಯಾಗಿ ಭಾಗವಾಗಲ್ಲವಲ್ಲ, ಅದಕ್ಕೆ 6 ಕೊಡುತ್ತಾರೆ. ಚಿಲ್ಲರೆ ಇಲ್ಲ ಅಂತ ಚಾಕ್ಲೇಟ್ ಕೊಟ್ಟ ಹಾಗೆ. ಆ ಒಂದು ಬಾಜಿಯಲ್ಲಿ ಅಂಗಡಿಯ ಪಾಲು 7.89ಕ್ಕೆ ಏರುತ್ತದೆ. ಫ್ರೆಂಚ್ ಮೇಜಿನಲ್ಲಿ ಉಲ್ಟಾ. ಕೆಂಪು-ಕಪ್ಪಿನ ಮೇಲೆ ಕಟ್ಟಿದಾಗ ಸೊನ್ನೆ ಬಂದರೆ ಅರ್ಧ ದುಡ್ಡು ವಾಪಸ್ ಕೊಡುವ ಪದ್ಧತಿ ಇದೆ. ಇಲ್ಲವೇ ನಿಮ್ಮ ಬಿಲ್ಲೆಯನ್ನು ಮುಂದಿನ ಸುತ್ತಿನ ತನಕ 'ಜೈಲಿಗೆ' ಹಾಕುತ್ತಾರೆ. ಅಲ್ಲಿ ನೂರಕ್ಕೆ 1.35ರ ಆಸುಪಾಸು. ಈ ಆಟದಲ್ಲಿ ಇದಕ್ಕಿಂತ ಮರ್ಯಾದಸ್ಥ ಬಾಜಿ ಸಿಗುವುದು ಕಷ್ಟ.

ಇನ್ನು ದೋಸ್ತ ಹೇಳಿದ 'ಕೆಂಪ ಬರಲೇಬೇಕು'. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಒಂದು ಮೇಜಿನಲ್ಲಿ ಕಪ್ಪು ಬರತೊಡಗಿತು. ಹತ್ತು ಸಲ, ಹದಿನೈದು ಸಲ. ಜನ ನುಗ್ಗಿ ಬಂದು ಕೆಂಪಿಗೆ ಸುರಿದರು. ಇಷ್ಟು ಸಲ ಕಪ್ಪು ಬಂದಮೇಲೆ ಇನ್ನೆಷ್ಟು ಬರುತ್ತದೆ ಅಂತ. ಒಟ್ಟು 26 ಸಲ ಬಂತು. ಅಷ್ಟು ಸಲ ಸಾಲಾಗಿ ಕಪ್ಪೇ ಬರುವುದು 13 ಕೋಟಿಗೂ ಮಿಕ್ಕಿದ ಸರದಿಯಲ್ಲಿ ಒಂದು. ಆದರೆ 25 ಸಲ ಬಂದಾದ ಮೇಲೆ 26ನೇ ಸಲ ಬರುವುದು? 37ರಲ್ಲಿ 18. ಮೊದಲನೇ ಸಲದಷ್ಟೇ. ಗೋಲಿಗೆ ನೆನಪಿಲ್ಲ. ನೆನಪು ಇರುವುದು ಆ ಲೈಟಿನ ಬೋರ್ಡಿಗೆ. ಕ್ಯಾಸಿನೊದವರು ಕರೆಂಟ್ ಬಿಲ್ ಕಟ್ಟಿ ಅದನ್ನು ಪುಕ್ಕಟೆ ತೋರಿಸುತ್ತಿದ್ದಾರೆ ಅಂದರೆ ಅದರಿಂದ ಯಾರಿಗೆ ಲಾಭ ಅಂತ ಯೋಚಿಸಬೇಕಲ್ಲವೇ.

ಇದರ ಬಗ್ಗೆ ನನಗೆ ತುಂಬಾ ಇಷ್ಟವಾದ ಕಥೆ ಕಾರ್ಲ್ ಪಿಯರ್ಸನ್‌ದು. ಇಂಗ್ಲೆಂಡಿನ ದೊಡ್ಡ ಸಂಖ್ಯಾಶಾಸ್ತ್ರಜ್ಞ. ಮಾಂಟೆ ಕಾರ್ಲೊದ ಚಕ್ರದಲ್ಲಿ ಬಂದ ನಂಬರುಗಳನ್ನೆಲ್ಲ ಅಲ್ಲಿನ 'ಲ ಮೊನಾಕೊ' ಪತ್ರಿಕೆ ಅಚ್ಚು ಹಾಕುತ್ತಿತ್ತು. ಪಿಯರ್ಸನ್ ಸಾವಿರಾರು ಸುತ್ತುಗಳ ಲೆಕ್ಕ ಗುಡ್ಡೆ ಹಾಕಿಕೊಂಡು ಕೂತ. ಕೆಂಪು, ಕಪ್ಪು ಒಟ್ಟಿನಲ್ಲಿ ಸರಿಸಮ ಇದ್ದವು. ಆದರೆ ಸಾಲು ನೋಡಿದರೆ ಏನೋ ಎಡವಟ್ಟು. ಕೆಂಪಾದ ಮೇಲೆ ಕಪ್ಪು, ಕಪ್ಪಾದ ಮೇಲೆ ಕೆಂಪು ಬರುವುದು ಬೇಕಾದ್ದಕ್ಕಿಂತ ತೀರಾ ಜಾಸ್ತಿ. ಒಂದೇ ಬಣ್ಣ ಉದ್ದಕ್ಕೆ ಬರುವುದು ಕಡಿಮೆ. 1894ರಲ್ಲಿ ಅವನು ಇದನ್ನು ಬರೆದ. ಈ ಚಕ್ರ ಗಣಿತದ ನಿಯಮಕ್ಕೆ ಬಗ್ಗುತ್ತಿಲ್ಲ, ಕ್ಯಾಸಿನೊ ಮುಚ್ಚಿ ದುಡ್ಡನ್ನು ವಿಜ್ಞಾನಕ್ಕೆ ಕೊಡಿ ಅಂತ ಸಲಹೆಯನ್ನೂ ಕೊಟ್ಟ. ಆಮೇಲೆ ಅನುಮಾನ ತಿರುಗಿದ್ದು ಪತ್ರಕರ್ತರ ಕಡೆ. ದಿನವಿಡೀ ಮೇಜಿನ ಪಕ್ಕ ನಿಂತು ಬರೆದುಕೊಳ್ಳುವ ಬದಲು ಅವರು ಬಾರಿನಲ್ಲಿ ಕೂತು ತಮಗೆ ತೋಚಿದ ನಂಬರು ಬರೆದು ಕಳಿಸುತ್ತಿದ್ದರಂತೆ. ಮನುಷ್ಯ ಸುಮ್ಮನೆ ಕಲ್ಪಿಸಿ ಬರೆದರೆ ಆರು ಸಲ ಕಪ್ಪು ಬರೆಯಲು ಕೈ ಬರುವುದಿಲ್ಲ. ಮೂರಾದ ಮೇಲೆ ಕೆಂಪು ಹಾಕಿಬಿಡುತ್ತಾನೆ. ನನ್ನ ದೋಸ್ತನ ತಲೆಯಲ್ಲಿದ್ದ ಚಕ್ರವೂ ಆ ಪತ್ರಕರ್ತರದ್ದೇ.

ಚಕ್ರವನ್ನು ನಿಜವಾಗಿ ಸೋಲಿಸಿದವರು ನಂಬರು ನೋಡಲಿಲ್ಲ, ಮರ-ಕಬ್ಬಿಣ ನೋಡಿದರು. 1880ರ ಸುಮಾರಿಗೆ ಯಾರ್ಕ್‌ಷೈರಿನ ಜೋಸೆಫ್ ಜಾಗರ್ ಅನ್ನುವವನು ಮಾಂಟೆ ಕಾರ್ಲೊಗೆ ಹೋದ. ಬಟ್ಟೆ ಮಿಲ್ಲಿನಲ್ಲಿ ದುಡಿದವನು. ತಿರುಗುವ ಯಾವ ಯಂತ್ರವೂ ಪೂರ್ತಿ ನೆಟ್ಟಗಿರುವುದಿಲ್ಲ ಅಂತ ಅವನಿಗೆ ಕೈಯಲ್ಲೇ ಗೊತ್ತಿತ್ತು. ಆಳುಗಳನ್ನಿಟ್ಟು ದಿನಗಟ್ಟಲೆ ನಂಬರು ಬರೆಸಿದ. ಒಂದು ಚಕ್ರ ಕೆಲವು ಮನೆಗಳ ಕಡೆಗೆ ವಾಲುತ್ತಿತ್ತು. ಕ್ಯಾಸಿನೊದವರು ರಾತ್ರೋರಾತ್ರಿ ಚಕ್ರ ಅದಲು ಬದಲು ಮಾಡಿದರು. ಇವನು ತನ್ನ ಚಕ್ರವನ್ನು ಒಂದು ಗೀರಿನಿಂದ ಗುರುತು ಹಿಡಿದನಂತೆ. ಲಕ್ಷಾಂತರ ಫ್ರಾಂಕ್ ಗೆದ್ದು ಊರಿಗೆ ಬಂದ. ಮತ್ತೆ ಹೋಗಲಿಲ್ಲ ಅನ್ನುವುದೇ ಅವನ ದೊಡ್ಡಸ್ತಿಕೆ.

1961ರಲ್ಲಿ ಇನ್ನಿಬ್ಬರು ಬಂದರು. ಎಡ್ವರ್ಡ್ ಥೋರ್ಪ್, ಕ್ಲಾಡ್ ಶ್ಯಾನನ್. ಶ್ಯಾನನ್ ಅಂದರೆ ನಮ್ಮ ಫೋನು, ಇಂಟರ್ನೆಟ್ಟಿನ ಗಣಿತಕ್ಕೆಲ್ಲ ತಳಪಾಯ ಹಾಕಿದವನು. ಮನೆಯಲ್ಲೇ ಒಂದು ಚಕ್ರ ತಂದಿಟ್ಟುಕೊಂಡು ಗೋಲಿಯ ವೇಗ ಅಳೆದರು. ಸಿಗರೇಟ್ ಪ್ಯಾಕಿನಷ್ಟು ಕಂಪ್ಯೂಟರ್ ಮಾಡಿದರು. ಮೈಮೇಲೆ ಹೊತ್ತು ತಿರುಗುವ ಮೊದಲ ಕಂಪ್ಯೂಟರ್ ಅದೇ ಅನ್ನುತ್ತಾರೆ. ಬೂಟಿನೊಳಗೆ ಹೆಬ್ಬೆರಳಿನಿಂದ ಸ್ವಿಚ್ ಒತ್ತಬೇಕು, ಗೋಲಿ ಒಂದು ಸುತ್ತು ಬಂದಾಗ ಒಂದು ಸಲ, ಇನ್ನೊಂದು ಸುತ್ತಿಗೆ ಇನ್ನೊಂದು ಸಲ. ಕಿವಿಯಲ್ಲಿ ಸ್ವರ ಕೇಳುತ್ತದೆ. ಎಂಟು ಸ್ವರ, ಚಕ್ರದ ಎಂಟು ಭಾಗಕ್ಕೆ ಒಂದೊಂದು. ಯಾವ ಸ್ವರಕ್ಕೆ ನಿಂತಿತೋ ಆ ಭಾಗಕ್ಕೆ ಕಟ್ಟು. ಲಾಸ್ ವೇಗಸ್‌ನಲ್ಲಿ ಅದು ಕೆಲಸ ಮಾಡಿತು. ಆದರೆ ಕಿವಿಗೆ ಹೋಗುವ ಕೂದಲಿನಷ್ಟು ತೆಳ್ಳಗಿನ ತಂತಿ ಮತ್ತೆ ಮತ್ತೆ ತುಂಡಾಗುತ್ತಿತ್ತು. ದೊಡ್ಡ ಬಾಜಿ ಕಟ್ಟುವ ಧೈರ್ಯ ಬರಲಿಲ್ಲ. ಸುಮ್ಮನೆ ಮನೆಗೆ ಬಂದರು. 1985ರಲ್ಲಿ ನೆವಾಡ ರಾಜ್ಯ ಇಂಥ ಯಂತ್ರಗಳನ್ನೇ ಕಾನೂನಿನಲ್ಲಿ ನಿಷೇಧಿಸಿತು.

ನಮ್ಮ ಹಡಗಿನ ಕಥೆಗೆ ಬರುತ್ತೇನೆ. ದೋಸ್ತ ಜೇಬಿನಲ್ಲಿ 6,000 ಇಟ್ಟುಕೊಂಡು ಹೋಗಿದ್ದ. ಏಳನೇ ಸಲ ಕೆಂಪೇ ಬಂತು. ಅದೇ ಕೆಟ್ಟದ್ದಾಯಿತು. ನೋಡಿದ್ಯಾ ಅನ್ನುವ ಹಾಗೆ ನನ್ನ ಕಡೆ ತಿರುಗಿದ. ಆಮೇಲೆ ಒಂದು ನಲವತ್ತು ಸುತ್ತು ಆಡಿರಬೇಕು, ಸುತ್ತಿಗೆ 500ರಂತೆ. ಜೇಬಿನಲ್ಲಿದ್ದದ್ದು ಆರು ಸಾವಿರ, ಮೇಜಿನ ಮೇಲೆ ಸುತ್ತಿದ್ದು ಇಪ್ಪತ್ತು ಸಾವಿರ. ಗಾಣದ ಎತ್ತಿನ ಹಾಗೆ ಅದೇ ದುಡ್ಡು ಮತ್ತೆ ಮತ್ತೆ ಸುತ್ತುತ್ತದೆ, ಪ್ರತಿ ಸುತ್ತಿಗೂ ಬಾಡಿಗೆ. ಲೆಕ್ಕದ ಪ್ರಕಾರ ಸಾವಿರದ ಚಿಲ್ಲರೆ ಹೋಗಬೇಕಿತ್ತು. ಅವನದು ನಾಲ್ಕೂವರೆ ಸಾವಿರ ಹೋಯಿತು. ನಡುವೆ ಜೋಡಿ ಸೊನ್ನೆ ಮೂರು ಸಲ ಬಂದದ್ದನ್ನು ನಾನು ಎಣಿಸಿದ್ದೆ, ಹೇಳಲಿಲ್ಲ.

ರಾತ್ರಿ ಎರಡೂವರೆಗೆ ದಡಕ್ಕೆ ಬಿಡುವ ದೋಣಿ ಹತ್ತಿದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಾದ ಅಂಗಡಿ ತೆರೆದಿತ್ತು. ಎರಡು ಗುಟುಕು ಕುಡಿದು ಅವನು ಕೇಳಿದ.

"ಎಲ್ಲಾ ಬಿಟ್ಟು ಆ ಹಸರ ಮನಿ ಮ್ಯಾಲನ ಕಟ್ಟಿದ್ರ ಏನಾಕ್ಕಿತ್ತಲೇ? ಅದು ಅವರದ ಅಲ್ಲ?"

ಪ್ರಶ್ನೆ ಚೆನ್ನಾಗಿತ್ತು. ಸೊನ್ನೆಯ ಮೇಲೂ ಕಟ್ಟಬಹುದು. ಬಂದರೆ ಒಂದಕ್ಕೆ 35, ಬೇರೆ ನಂಬರಿನಷ್ಟೇ. ಬರುವುದೂ 38ರಲ್ಲಿ ಒಂದೇ ಸಲ.

"ಅದಕ್ಕೂ ಅಷ್ಟ," ಅಂದೆ. "ಅದರ ಮ್ಯಾಲೆ ಕಟ್ಟಿದ್ರೂ ಬಾಡಿಗಿ ಅವರಿಗೇ."

ಸ್ವಲ್ಪ ಹೊತ್ತು ಗ್ಲಾಸನ್ನೇ ನೋಡುತ್ತಾ ಕೂತ.

"ಹಂಗಾದ್ರ ಚಾದ ರೊಕ್ಕ ನೀನ ಕೊಡು."